ಪೂರ್ವದ ಗೋಡೆಯ ನೀರು

ಮಾರ್ಚ್ 4, ಸೋಮವಾರ

ಸಭಾಂಗಣದ ಕುರ್ಚಿಗಳನ್ನು ಇವತ್ತೇ ಒರೆಸಿಟ್ಟೆ. ಅಹವಾಲು ಸಭೆ ಇರುವುದು ಗುರುವಾರ, ಆದರೆ ಗುಮಾಸ್ತರಿಗೆ ತಾಳ್ಮೆ ಇಲ್ಲ. ಅವರನ್ನು ಪುರಸಭೆಯಲ್ಲಿ ಎಲ್ಲರೂ ಉಪನಿಯಮ ಎನ್ನುತ್ತಾರೆ, ಎದುರಿಗಲ್ಲ. ಏನು ಕೇಳಿದರೂ ಅವರ ಬಾಯಲ್ಲಿ ಮೊದಲು ಬರುವ ಮಾತು ಅದು. "ಕುರ್ಚಿ ಸಾಲುಗಳ ನಡುವೆ ಎರಡು ಮೊಳ ಜಾಗ ಇರ್ಬೇಕು, ಉಪನಿಯಮ ಇದೆ," ಅಂದರು. ಮೊಳ ನಿಮ್ಮ ಕೈಯದೋ ನನ್ನ ಕೈಯದೋ ಎಂದು ಕೇಳಿದೆ. ಅವರು ನಗಲಿಲ್ಲ. ನಾನೂ ತಮಾಷೆಗೆ ಕೇಳಿದ್ದಲ್ಲ.

ಸಭೆ ಹಳೆಯ ಕಲ್ಲುಗಣಿಯ ಬಗ್ಗೆ. ಒಂದೇ ಜಾಗಕ್ಕೆ ಎರಡು ಅರ್ಜಿ ಬಂದಿವೆ. ಗಣಿಯವರು ಪರವಾನಗಿ ನವೀಕರಿಸಿ ಎನ್ನುತ್ತಾರೆ. ಗುಂಡಿಯಲ್ಲಿ ತುಂಬಿಕೊಂಡಿರುವ ನೀರನ್ನೆಲ್ಲ ಪಂಪಿನಿಂದ ತೆಗೆದು ಇನ್ನೂ ಆಳಕ್ಕೆ ಹೋಗುತ್ತಾರಂತೆ. ಸೋಲಾರ್ ಕಂಪನಿಯವರು ನೀರು ಹಾಗೇ ಇರಲಿ ಎನ್ನುತ್ತಾರೆ. ಅದರ ಮೇಲೆ ತೇಲುವ ಪ್ಯಾನೆಲ್ ಹಾಸಿ ಕರೆಂಟು ತೆಗೆಯುತ್ತಾರಂತೆ. ಸುತ್ತ ಬೇಲಿ. ಇಪ್ಪತ್ತೈದು ವರ್ಷ ಹೊರಗಿನವರು ಒಳಗೆ ಹೋಗುವ ಹಾಗಿಲ್ಲ. ಎರಡರಲ್ಲಿ ಯಾವುದೆಂದು ಪುರಸಭೆ ತೀರ್ಮಾನಿಸಬೇಕು.

ಆ ನೀರಿನ ಅಡಿಯಲ್ಲಿ ನನ್ನ ತಮ್ಮ ಇದ್ದಾನೆ.

ಬರೆದ ಮೇಲೆ ಈ ಸಾಲನ್ನು ಓದಿ ನೋಡಿದೆ. ಸರಿಯಾಗಿಯೇ ಇದೆ.

ಅವನು ಗಣಿಯಲ್ಲಿ ಪಂಪು ನೋಡಿಕೊಳ್ಳುತ್ತಾನೆ, ರಾತ್ರಿ ಪಾಳಿ. ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ನನ್ನ ಮನೆ. ಬಾಗಿಲು ತಟ್ಟುವ ಅಭ್ಯಾಸವಿಲ್ಲ, ಭುಜದಿಂದ ನೂಕಿಕೊಂಡು ಬರುತ್ತಾನೆ. ಮೂರು ಚಮಚ ಸಕ್ಕರೆ ಹಾಕಿದ ಚಹಾ ಕುಡಿದು ಹೆಂಡತಿಯ ಹತ್ತಿರ ಹೋಗುತ್ತಾನೆ. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ, ಪಾಳಿ ಮುಗಿಯುವ ಹೊತ್ತಿಗೆ, ಪಂಪಿನ ಬಾಯಿಗೆ ಕೆಸರು ಕಟ್ಟಿತೆಂದು ತೆಪ್ಪದ ಮೇಲೆ ಹೋದ. ಗುಂಡಿಯ ಪೂರ್ವದ ಗೋಡೆ ಕುಸಿದು ಅವನ ಮೇಲೆ ಬಿತ್ತು. ಮುಳುಗುತಜ್ಞರು ಬಂದರು. ಕೆಸರಿನಲ್ಲಿ ಏನೂ ಕಾಣಲಿಲ್ಲ, ಗೋಡೆ ಇನ್ನೂ ಉದುರುತ್ತಿತ್ತು, ಹುಡುಕುವುದನ್ನು ನಿಲ್ಲಿಸಿದರು. ಡಿಸೆಂಬರಿಗೆ ಗಣಿಯ ಪರವಾನಗಿ ಮುಗಿಯಿತು. ಪಂಪು ನಿಂತಿತು. ನೀರು ಏರಿತು.

ನಾನು ಚಿಲಕ ಹಾಕದೆ ಮಲಗುತ್ತೇನೆ. ಬೆಳಿಗ್ಗೆ ಚಹಾಕ್ಕೆ ಎರಡು ಲೋಟದ ನೀರಿಡುತ್ತೇನೆ. ಬಾಗಿಲ ಹಿಂದೆ ಅವನ ಇನ್ನೊಂದು ಜೊತೆ ರಬ್ಬರ್ ಬೂಟು ಇದೆ. ಆಕಾರ ಕೆಡದಿರಲಿ ಎಂದು ಆಗಾಗ ಹಳೆಯ ಪೇಪರು ತೆಗೆದು ಹೊಸದು ತುರುಕುತ್ತೇನೆ. ಇವತ್ತೂ ತುರುಕಿದೆ.

ಮಾರ್ಚ್ 6, ಬುಧವಾರ

ಸಂಜೆ ಮೆಣಸು ಬಂದಳು. ತಮ್ಮನ ಹೆಂಡತಿ. ಆ ಹೆಸರಿಟ್ಟವನು ಅವನೇ. ಆಳು ಇಷ್ಟೇ ಇದ್ದಾಳೆ, ಖಾರ ಅಷ್ಟಿದೆ. ಅವನು ನನ್ನನ್ನು ಅಕ್ಕ ಎನ್ನುವುದನ್ನು ಕೇಳಿ ಇವಳೂ ಅಕ್ಕ ಎಂದೇ ಹಿಡಿದಳು. ಹೊಲಿಗೆ ಅಂಗಡಿಯಿಂದ ನೇರವಾಗಿ ಬಂದಿದ್ದಳು, ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ನಾಳೆ ನಾನೂ ಮಾತಾಡ್ತೀನಿ ಅಕ್ಕ. ಹೆಸರು ಕೊಟ್ಟು ಬಂದೆ."

"ಯಾರ ಪರವಾಗಿ?"

"ಯಾರ ಪರವಾಗಿ ಅಂದ್ರೆ? ನೀರು ಯಾರು ತೆಗೀತಾರೋ ಅವರ ಪರವಾಗಿ. ಗಣಿ ಪರವಾಗಿ."

ಈ ಊರಿನಲ್ಲಿ ಗಣಿ ಬೇಕು ಎನ್ನುವ ಹೆಂಗಸು ಒಬ್ಬಳೂ ಇಲ್ಲ. ಬಾವಿ ಬತ್ತಿದ್ದು ಗಣಿಯಿಂದ, ಮನೆಗಳ ಗೋಡೆ ಬಿರುಕು ಬಿಟ್ಟಿದ್ದು ಗಣಿಯಿಂದ. ಒಗೆದು ಹಾಕಿದ ಬಟ್ಟೆ ಒಣಗುವ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ನಾನೇ ಎಷ್ಟು ಶಾಪ ಹಾಕಿದ್ದೇನೆ. ಮೆಣಸೂ ಹಾಕಿದ್ದಾಳೆ, ನನಗಿಂತ ಜೋರಾಗಿ.

"ಜನ ಏನಂತಾರೆ?" ಎಂದೆ.

"ಅನ್ನಲಿ. ಅವರವರ ಗಂಡಂದಿರು ಸಂಜೆ ಆದ್ರೆ ಮನೆಗೆ ಬರ್ತಾರೆ. ನಂಗೆ ಒಂದು ಮೂಳೆ ಸಿಕ್ಕಿದ್ರೂ ಸಾಕು, ಕೊನೇ ಕೆಲಸ ಮಾಡಿ ಕೈ ತೊಳ್ಕೋತೀನಿ. ಹೀಗಾದ್ರೆ ನಾನು ಯಾರು ಅಕ್ಕ? ಗಂಡ ಇರೋಳಾ, ಗಂಡ ಹೋದೋಳಾ?"

ನನಗೂ ಅದೇ ಬೇಕು. ಬಾಯಿಬಿಟ್ಟು ಹೇಳಲಿಲ್ಲ, ಅವಳಿಗೆ ಗೊತ್ತಿದೆ. ನೀನೂ ಮಾತಾಡು ಎಂದಳು. ಸಭೆಯಲ್ಲಿ ಸಮಯದ ಗಂಟೆ ಒತ್ತುವವಳು ನಾನು, ಕೆಲಸಕ್ಕಿರುವವರು ಬಾಯಿ ತೆಗೆಯುವ ಹಾಗಿಲ್ಲ ಎಂದೆ. "ಹಾಗಾದ್ರೆ ನಿನ್ನ ಗಂಟೆ ತಬ್ಕೊಂಡು ಕೂತಿರು," ಎಂದು ಎದ್ದಳು. ಬಾಗಿಲವರೆಗೆ ಹೋದವಳು ನನ್ನ ರವಿಕೆಯ ತೋಳಿನ ಹೊಲಿಗೆ ಬಿಚ್ಚಿರುವುದನ್ನು ನೋಡಿ ವಾಪಸು ಬಂದು, ನಿಂತಲ್ಲೇ ಸೂಜಿ ಹಾಕಿ, ದಾರವನ್ನು ಹಲ್ಲಿನಿಂದ ಕಡಿದು ಹೋದಳು.

ಮಾರ್ಚ್ 7, ಗುರುವಾರ

ಸಭೆಯಲ್ಲಿ ಗಂಟೆಯ ಕೆಲಸ ನನ್ನದು. ಮಾತಾಡುವವರಿಗೆ ತಲಾ ಮೂರು ನಿಮಿಷ. ಎದುರು ಗೋಡೆಯಲ್ಲಿ ಗಡಿಯಾರ, ನನ್ನ ಮುಂದೆ ಹಿತ್ತಾಳೆಯ ಮೇಜುಗಂಟೆ. ಸಮಯ ಆದ ಕೂಡಲೇ ಅಂಗೈಯಿಂದ ಒತ್ತಬೇಕು. ಗಂಟೆಯ ನಂತರ ಆಡಿದ ಮಾತು ಬರಹಕ್ಕೆ ಹೋಗುವುದಿಲ್ಲ, ಅರ್ಧ ವಾಕ್ಯವಾದರೂ ಸರಿ, ಅಳುತ್ತಿದ್ದರೂ ಸರಿ. ಹಿಂದೊಮ್ಮೆ ಅಧ್ಯಕ್ಷೆಯ ಸೋದರಮಾವ "ಕೊನೆಯದಾಗಿ ಒಂದೇ ಒಂದು ಮಾತು" ಎಂದಾಗ ಒತ್ತಿದ್ದೆ. ಆ ಒಂದು ಮಾತು ಏನೆಂದು ಊರಿಗೆ ಇವತ್ತಿಗೂ ತಿಳಿದಿಲ್ಲ. ನನಗೆ ಗಂಟೆ ಅಕ್ಕ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಗಣಿಯ ಮ್ಯಾನೇಜರು ಮಾತಾಡಿದರು, ಒತ್ತಿದೆ. ಸೋಲಾರ್ ಕಂಪನಿಯಿಂದ ಬಂದವಳು ಚಿಕ್ಕ ವಯಸ್ಸಿನವಳು, ಬೂಟಿನ ತುಂಬ ಮಣ್ಣು. ಗಂಟೆಗೆ ಮುಂಚೆಯೇ ಮುಗಿಸಿ ಕುಳಿತಳು. ಕ್ಷೌರದಂಗಡಿಯವನು ಗಣಿ ಬೇಡವೇ ಬೇಡ ಎಂದ. "ನನ್ನ ಅಂಗಡಿಗೆ ಬರೋರ ತಲೇಲಿ ಕೂದಲಿಗಿಂತ ಕಲ್ಲಿನ ಪುಡಿ ಜಾಸ್ತಿ. ಕತ್ತರಿ ಸಾಣೆ ಹಿಡಿಸೋದೂ ಬೇಡ, ಅವರ ತಲೆ ಮೇಲೆ ಆಡಿಸಿದ್ರೆ ಸಾಕು" ಎಂದಾಗ ಎಲ್ಲರೂ ನಕ್ಕರು. ಆಮೇಲೆ ಅವನ ತಾಯಿಯ ಉಬ್ಬಸದ ವಿಷಯಕ್ಕೆ ಬಂದ. ಒತ್ತಿದೆ. ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಹೋಗಿ ಕುಳಿತ.

ಆಮೇಲೆ ಮೆಣಸು.

ಕೈಯಲ್ಲಿ ಚೀಟಿ ಇತ್ತು, ನೋಡಲಿಲ್ಲ. ಗಣಿಯ ಮೇಲೆ ನಂಗೇನೂ ಪ್ರೀತಿ ಇಲ್ಲ ಎಂದು ಶುರು ಮಾಡಿದಳು. ಅವನ ಭುಜದ ಅಳತೆ, ತೋಳಿನ ಅಳತೆ, ಕೊರಳಿನ ಅಳತೆ ಎಲ್ಲ ತನಗೆ ಬಾಯಿಪಾಠ, ಆದರೆ ಆ ಅಳತೆಯ ಮನುಷ್ಯ ಎಲ್ಲಿದ್ದಾನೆಂದು ಬೆರಳು ಮಾಡಿ ತೋರಿಸಲು ತನಗೆ ಒಂದು ಜಾಗ ಇಲ್ಲ ಎಂದಳು. ಹಿಂದಿನ ಸಾಲಿನಲ್ಲಿ ಯಾರೋ "ಗಣಿಯವರು ಹೇಳಿಕೊಟ್ಟಿದ್ದಾರೆ" ಎಂದದ್ದು ಕೇಳಿಸಿತು. ಅವಳಿಗೂ ಕೇಳಿಸಿತು. ತಿರುಗಿ ಅವರಿಗೂ ಒಂದೊಂದಾಗಿ ಉತ್ತರ ಕೊಟ್ಟಳು.

ಸಮಯ ಮುಗಿದದ್ದು ಕಾಣುತ್ತಿತ್ತು. ನನ್ನ ಅಂಗೈ ಗಂಟೆಯ ಮೇಲೆಯೇ ಇತ್ತು. ಗಂಟೆ ತಣ್ಣಗಿತ್ತು. ಉಪನಿಯಮ ತಿರುಗಿ ನನ್ನನ್ನು ನೋಡಿದರು, ಇನ್ನೊಮ್ಮೆ ನೋಡಿದರು. ಅವಳು ಹೇಳುವುದೆಲ್ಲ ಮುಗಿದು, ತಾನಾಗಿ ಹೋಗಿ ಕುಳಿತುಕೊಳ್ಳುವವರೆಗೂ ನಾನು ಒತ್ತಲಿಲ್ಲ.

ಮಾರ್ಚ್ 8, ಶುಕ್ರವಾರ

ಕ್ಷೌರದಂಗಡಿಯವನು ಬೆಳಿಗ್ಗೆಯೇ ಆಕ್ಷೇಪಣೆ ಕೊಟ್ಟಿದ್ದಾನೆ. ನನ್ನ ತಾಯಿಯ ಉಬ್ಬಸಕ್ಕೆ ಗಂಟೆ, ಅವರ ಮನೆಯವಳಿಗೆ ಎಷ್ಟು ಹೊತ್ತಾದರೂ ಸರಿಯಾ ಎಂದು ಕಚೇರಿಯಲ್ಲೇ ಕೂಗಾಡಿದ. ತಪ್ಪೇನಿಲ್ಲ.

ಅಧ್ಯಕ್ಷೆ ಕರೆಸಿದರು. "ಮರೆತ್ರಾ ಗಂಟೆ ಅಕ್ಕ?"

"ಇಲ್ಲಮ್ಮ. ಗಡಿಯಾರ ನೋಡ್ತಾನೇ ಇದ್ದೆ."

"ಮರೆತೆ ಅಂದಿದ್ರೆ ನನಗೂ ಸುಲಭ ಆಗ್ತಿತ್ತು," ಎಂದು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

ಸಭೆ ಅಸಿಂಧು. ಏಪ್ರಿಲ್ 11ಕ್ಕೆ ಮತ್ತೆ ಮೊದಲಿನಿಂದ. ಗಂಟೆಯನ್ನು ಟೈಪಿಸ್ಟ್ ಹುಡುಗಿಗೆ ಕೊಟ್ಟರು. ಅವಳು ಅದನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡು ಹೋದಳು.

ಸಂಜೆ ಬೀಗ ಹಾಕುವಾಗ ಉಪನಿಯಮ ನನ್ನ ಪಕ್ಕದಲ್ಲಿ ನಿಂತು, ಬೀಗವನ್ನು ನೋಡುತ್ತ ಹೇಳಿದರು: "ಮುಂದಿನ ಸಭೇಲಿ ನಿಮಗೆ ಕೆಲಸ ಇಲ್ಲ. ಕೆಲಸ ಇಲ್ಲದೋರು ಸಾರ್ವಜನಿಕರು. ಸಾರ್ವಜನಿಕರು ಹೆಸರು ಕೊಡಬಹುದು. ಉಪನಿಯಮ ಇದೆ." ಇಷ್ಟು ಹೇಳಿ ಕೊಡೆ ಹಿಡಿದು ಹೋದರು. ಮಳೆ ಇರಲಿಲ್ಲ.

ಹೆಸರು ಕೊಟ್ಟೆ. ಮೆಣಸಿಗೆ ಹೇಳಿದಾಗ ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು.

ಮಾರ್ಚ್ 19, ಮಂಗಳವಾರ

ಸಮಿತಿಯವರು ಜಾಗ ನೋಡಲು ಹೋದರು. ನೀರಿನ ಬಾಟಲಿ ಹೊತ್ತುಕೊಂಡು ನಾನೂ ಹೋಗಬೇಕಾಯಿತು. ಅಕ್ಟೋಬರಿನ ನಂತರ ಆ ಕಡೆ ಹೋಗಿರಲಿಲ್ಲ.

ಏನೋ ಕಾಣುತ್ತದೆ ಎಂದುಕೊಂಡಿದ್ದೆ. ನೀರು ಮಾತ್ರ ಇತ್ತು. ಧೂಳು ಇಲ್ಲದ ಗಣಿಯನ್ನು ನಾನು ನೋಡಿದ್ದು ಇದೇ ಮೊದಲು. ಅಂಚಿನಲ್ಲಿ ಹುಲ್ಲು ಹುಟ್ಟಿದೆ. ಬಾತುಕೋಳಿಗಳಂಥ ಕಪ್ಪು ಹಕ್ಕಿಗಳು ಮುಳುಗಿ ಮುಳುಗಿ ಏಳುತ್ತಿದ್ದವು. ಒಂದು ಮುಳುಗಿದರೆ ಅದು ಏಳುವವರೆಗೆ ನಾನು ಉಸಿರು ಹಿಡಿದುಕೊಂಡಿರುತ್ತಿದ್ದೆ ಎಂದು ಆಮೇಲೆ ಗೊತ್ತಾಯಿತು.

ಪುರಸಭೆಯ ಎಂಜಿನಿಯರು ಪೂರ್ವದ ಗೋಡೆಯ ಮೇಲಕ್ಕೆ ಎಲ್ಲರನ್ನೂ ಕರೆದುಕೊಂಡು ಹೋದರು. ನೆಲದಲ್ಲಿ ಉದ್ದಕ್ಕೂ ಬಿರುಕು. ನನ್ನ ಕೈ ಹೋಗುವಷ್ಟು ಅಗಲ.

"ಈ ಗೋಡೆ ಈಗ ತನ್ನ ಬಲದಿಂದ ನಿಂತಿಲ್ಲ," ಎಂದರು. "ನೀರು ಆ ಕಡೆಯಿಂದ ಒತ್ತಿ ಹಿಡಿದಿದೆ. ನೀರು ಇಳಿಸ್ತಾ ಹೋದ್ರೆ ಹಿಂದೇನೇ ಗೋಡೆ ಬರುತ್ತೆ."

"ನಿಧಾನವಾಗಿ ಇಳಿಸ್ತೀವಲ್ಲ ಸಾರ್," ಎಂದರು ಗಣಿಯ ಮ್ಯಾನೇಜರು.

"ನಿಧಾನವಾಗಿ ಬರುತ್ತೆ."

ಪಂಪು ಬೇರೆ ಕಡೆ ಇಡಬಹುದಲ್ಲ ಎಂದು ಅಧ್ಯಕ್ಷೆ ಕೇಳಿದರು. ಆಳ ಇರುವುದು ಈ ಗೋಡೆಯ ಬುಡದಲ್ಲೇ, ತೆಪ್ಪ ಇಲ್ಲೇ ನಿಲ್ಲಬೇಕು ಎಂದು ಮ್ಯಾನೇಜರೇ ಒಪ್ಪಿಕೊಂಡರು. ಗೋಡೆಯನ್ನು ಮೇಲಿಂದ ಕಡಿದು ಇಳಿಜಾರು ಮಾಡೋಣವೆಂದರೆ ಹಿಂದೆಯೇ ರಸ್ತೆ ಇದೆ, ರಸ್ತೆ ದಾಟಿದರೆ ಮನೆಗಳಿವೆ.

ವಾಪಸು ಬರುವಾಗ ಸೋಲಾರ್ ಕಂಪನಿಯವಳು ನನ್ನ ಕೈಯ ಒಂದು ಚೀಲ ತೆಗೆದುಕೊಂಡಳು. "ನೀವು ಅವರ ಅಕ್ಕ ಅಂತೆ. ಅರ್ಜಿ ಹಾಕುವಾಗ ನಮಗೆ ಗೊತ್ತಿರಲಿಲ್ಲ."

"ಗೊತ್ತಿದ್ದಿದ್ರೆ ಹಾಕ್ತಿರಲಿಲ್ವಾ?"

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಹಾಕ್ತಿದ್ವಿ ಅನ್ಸುತ್ತೆ."

ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನವಾಯಿತು.

ಮಾರ್ಚ್ 21, ಗುರುವಾರ

ಮೀಸೆ ಬಂದಿದ್ದ. ತಮ್ಮ ನೋಡುತ್ತಿದ್ದ ಪಂಪನ್ನೇ ಹಗಲು ಪಾಳಿಯಲ್ಲಿ ನೋಡುತ್ತಿದ್ದವನು. ಇಬ್ಬರೂ ದಿನಾ ಗಣಿಯ ಗೇಟಿನಲ್ಲಿ ಎದುರಾಗುತ್ತಿದ್ದರು, ಒಬ್ಬ ಒಳಗೆ, ಒಬ್ಬ ಹೊರಗೆ. ಆ ಬೆಳಿಗ್ಗೆ ಮೀಸೆ ಒಳಗೆ ಹೋದಾಗ ಗೋಡೆ ಬೀಳುತ್ತಿತ್ತು. ಈಗ ಮೀಸೆ ಇಳಿದುಹೋಗಿದ್ದಾನೆ, ಮೀಸೆ ಮಾತ್ರ ಹಾಗೇ ಇದೆ.

"ಗಣಿ ಮತ್ತೆ ಶುರುವಾದ್ರೆ ಪಂಪಿಗೆಲ್ಲ ನಾನೇ ಮುಖ್ಯಸ್ಥ ಅಕ್ಕ. ಮ್ಯಾನೇಜರು ಮಾತು ಕೊಟ್ಟಿದ್ದಾರೆ. ತೆಪ್ಪಕ್ಕೆ ಬೇರೆ ಯಾರನ್ನೂ ಬಿಡಲ್ಲ, ನಾನೇ ಇಳೀತೀನಿ. ಅವನನ್ನ ನನ್ನ ಕೈಯಾರೆ ತಂದು ನಿನ್ನ ಮನೆ ಮುಂದೆ ಮಲಗಿಸ್ತೀನಿ."

ಗೋಡೆಯ ಬಿರುಕಿನ ವಿಷಯ ಹೇಳಿದೆ. "ಗೋಡೆಗೆ ನನ್ನ ಪರಿಚಯ ಇದೆ," ಎಂದು ನಕ್ಕ.

ಹೊರಡುವಾಗ ಅವನ ಹೆಂಡತಿ ಹೇಗಿದ್ದಾಳೆ ಎಂದು ಕೇಳಿದೆ. "ಚೆನ್ನಾಗಿದಾಳೆ. ಒಂದೇ ರಗಳೆ, ಸ್ನಾನದ ಮನೆ ಬಾಗಿಲು ಹಾಕ್ಕೋಬೇಡ ಅಂತಾಳೆ. ಮೈ ಮೇಲೆ ನೀರು ಬಿದ್ರೆ ನಾನು ಕೂಗ್ತೀನಂತೆ. ನಂಗೆ ಗೊತ್ತೇ ಆಗಲ್ಲ ಅಕ್ಕ. ಪಕ್ಕದ ಮನೆಯೋರು ನಾನು ಹಾಡ್ತೀನಿ ಅಂದ್ಕೊಂಡಿದಾರೆ."

ಅವನು ಹೋದ ಮೇಲೆ ನೋಡಿದರೆ ಲೋಟದಲ್ಲಿ ಚಹಾ ಹಾಗೇ ಇತ್ತು. ಕೈ ನಡುಗುತ್ತದೆಂದು ಎತ್ತಿಯೇ ಇರಲಿಲ್ಲ.

ಮಾರ್ಚ್ 29, ಶುಕ್ರವಾರ

ಚಹಾ ಉಕ್ಕಿ ಒಲೆಯೆಲ್ಲ ಗಲೀಜಾಯಿತು. ಒಂದು ಲೋಟಕ್ಕೆ ಆ ದೊಡ್ಡ ಪಾತ್ರೆ ಯಾಕೆ ಎಂದು ಸಣ್ಣದು ತೆಗೆದಿದ್ದೆ, ಅದು ತೀರಾ ಸಣ್ಣದು. ನಾಳೆಯಿಂದ ನೋಡಿಕೊಂಡು ಇಡಬೇಕು.

ಏಪ್ರಿಲ್ 4, ಗುರುವಾರ

ಮೆಣಸಿನ ಮನೆಗೆ ಹೋಗಿದ್ದೆ. ಗಣಿಯ ಮ್ಯಾನೇಜರು ಹೊಲಿಗೆ ಅಂಗಡಿಗೇ ಬಂದು, ನೀರು ಇಳಿದ ಮೇಲೆ ಮೊದಲ ಕೆಲಸ ಅವನನ್ನು ಹುಡುಕುವುದೇ, ಆಮೇಲೆ ಕಲ್ಲು ಎಂದು ಹೇಳಿ ಹೋದರಂತೆ. ಅವಳು ಹಗುರಾಗಿದ್ದಳು. ಎಷ್ಟೋ ತಿಂಗಳ ನಂತರ ಅಡುಗೆಗೆ ಉಪ್ಪು ಸರಿಯಾಗಿ ಬಿದ್ದಿತ್ತು.

ಊಟವಾದ ಮೇಲೆ ಪೆಟ್ಟಿಗೆಯಿಂದ ಒಂದು ಶರ್ಟು ತೆಗೆದಳು. ಹೊಸದು, ಬಿಳಿ. ಗುಂಡಿಯ ಮನೆಗಳನ್ನು ಕೈಯಲ್ಲೇ ಹೊಲಿದಿದ್ದಳು.

"ಅಲ್ಲಿಂದ ತಂದಾಗ ಹಾಕೋಕೆ," ಎಂದಳು. "ಹಾಕೋ ಹಾಗೆ ಇರಲ್ಲ ಅಂತ ಗೊತ್ತು. ಮೇಲೆ ಹೊದಿಸೋಕಾದ್ರೂ ಆಗುತ್ತೆ."

ಗೋಡೆಯ ವಿಷಯ ತೆಗೆದೆ. ಎಂಜಿನಿಯರು ಹೇಳಿದ್ದು, ತೆಪ್ಪ ನಿಲ್ಲುವ ಜಾಗ, ಮೀಸೆಯ ಕೈ. ಅವಳು ಶರ್ಟು ಮಡಿಸುತ್ತಲೇ ಇದ್ದಳು. "ಗಣಿ ಅಂದ್ಮೇಲೆ ಅಪಾಯ ಇರುತ್ತೆ ಅಕ್ಕ. ನಿನ್ನ ತಮ್ಮ ಇಳಿದಾಗ ಯಾವ ಎಂಜಿನಿಯರು ಬಂದು ಬಿರುಕು ತೋರಿಸಿದ್ದ?"

ಸಭೆಯಲ್ಲಿ ಏನು ಹೇಳಬೇಕೆಂದು ಅವಳೇ ನನಗೆ ಹೇಳಿಕೊಟ್ಟಳು. ತಲೆಯಾಡಿಸಿದೆ. ಆಗ ಅದನ್ನೇ ಹೇಳುತ್ತೇನೆ ಎಂದುಕೊಂಡಿದ್ದೆ.

ಏಪ್ರಿಲ್ 11, ಗುರುವಾರ

ಕುರ್ಚಿ ಹಾಕಿದವಳೂ ನಾನೇ, ಅದರಲ್ಲಿ ಕುಳಿತವಳೂ ನಾನೇ. ಅಲ್ಲಿಂದ ನೋಡಿದರೆ ಸಭಾಂಗಣ ಬೇರೆಯೇ ಕಾಣುತ್ತದೆ. ಗಡಿಯಾರ ಬೆನ್ನ ಹಿಂದೆ. ಮಾತಾಡುವವರಿಗೆ ಸಮಯ ಕಾಣುವುದೇ ಇಲ್ಲ. ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲ.

ಟೈಪಿಸ್ಟ್ ಹುಡುಗಿ ಎಲ್ಲರಿಗೂ ಸರಿಯಾಗಿ ಒತ್ತಿದಳು. ಕ್ಷೌರದಂಗಡಿಯವನು ಈ ಸಲ ತಾಯಿಯ ವಿಷಯವನ್ನೇ ಮೊದಲು ಹೇಳಿದ. ಮೆಣಸು ಗಂಟೆ ಒತ್ತುವ ಮುಂಚೆಯೇ ಮುಗಿಸಿದಳು. ಮೊದಲ ಸಲದ ಬಿಸಿ ಇರಲಿಲ್ಲ, ಇನ್ನು ಅಕ್ಕ ಹೇಳುತ್ತಾಳೆ ಎಂಬ ಧೈರ್ಯವಿತ್ತು. ಮೀಸೆ ಕೊನೆಯ ಸಾಲಿನಲ್ಲಿದ್ದ. ಪಕ್ಕದಲ್ಲಿ ಅವನ ಹೆಂಡತಿ ಅವನ ಶರ್ಟಿನ ತುದಿ ಹಿಡಿದುಕೊಂಡು ಕುಳಿತಿದ್ದಳು. ಸಣ್ಣ ಮಕ್ಕಳನ್ನು ರಸ್ತೆ ದಾಟಿಸುವಾಗ ಹಿಡಿಯುತ್ತಾರಲ್ಲ, ಹಾಗೆ.

ನನ್ನ ಸರದಿ ಬಂತು. ಹೇಳಿದ್ದು ಇಷ್ಟು:

"ನಾನು ಈ ಕಚೇರೀಲಿ ಕೆಲಸ ಮಾಡೋಳು. ನೀರಲ್ಲಿರೋದು ನನ್ನ ತಮ್ಮ. ಅವನು ಸಿಗಬೇಕು ಅಂತ ನನಗೂ ಇದೆ. ಆದ್ರೆ ನೀರು ತಾನಾಗಿ ಹೋಗಲ್ಲ. ಆ ಗೋಡೆ ಕೆಳಗೆ ಒಬ್ಬ ತೆಪ್ಪದ ಮೇಲೆ ನಿಲ್ಲಬೇಕು. ಅವನಿಗೂ ಒಬ್ಬಳು ಅಕ್ಕನೋ ಹೆಂಡತಿಯೋ ಇರ್ತಾಳೆ. ಚಹಾ ಇಟ್ಕೊಂಡು ಬಾಗಿಲು ನೋಡ್ತಾ ಕೂತಿರ್ತಾಳೆ. ನನ್ನ ತಮ್ಮನ್ನ ತರೋಕೆ ಅಂತ ಯಾರನ್ನೂ ಇಳಿಸಬೇಡಿ."

ಮುಗಿಯಿತು. ಗಂಟೆ ಇನ್ನೂ ಒತ್ತಿರಲಿಲ್ಲ. ಉಳಿದ ಸಮಯ ನನ್ನ ತಮ್ಮನ ಹೆಂಡತಿಗೆ ಕೊಡಿ ಎಂದು ಕೇಳಿದೆ. ಉಪನಿಯಮ ತುಂಬ ಮೆತ್ತಗೆ, ಹಾಗೆ ಬರುವುದಿಲ್ಲ ಎಂದರು. ಅಲ್ಲೇ ನಿಂತೆ. ಹಿಂದಕ್ಕೆ ತಿರುಗಿ ನೋಡಿದೆ. ಮೆಣಸು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನನ್ನನ್ನು ನೋಡಲಿಲ್ಲ. ಗಂಟೆ ಒತ್ತುವವರೆಗೂ ಹಾಗೇ ನಿಂತಿದ್ದೆ.

ಹೊರಗೆ ಮೆಟ್ಟಿಲ ಹತ್ತಿರ ಮೆಣಸು ಕಾದಿದ್ದಳು. ದನಿ ಎತ್ತಲಿಲ್ಲ.

"ಅವನನ್ನ ಎರಡನೇ ಸಲ ಮುಳುಗಿಸಿಬಿಟ್ಟೆ ಅಕ್ಕ."

ಅದನ್ನು ಹೇಳುವಾಗಲೂ ಅಕ್ಕ ಎಂದಳು. ದಾರಿಯುದ್ದಕ್ಕೂ ಅದೇ ಕೇಳಿಸುತ್ತಿತ್ತು.

ಏಪ್ರಿಲ್ 12, ಶುಕ್ರವಾರ

ಕೆಲಸಕ್ಕೆ ಹೋಗಲಿಲ್ಲ.

ಏಪ್ರಿಲ್ 18, ಗುರುವಾರ

ಮೀಸೆ ದಾರಿಯಲ್ಲಿ ಸಿಕ್ಕಿದ. ನಿಲ್ಲುವುದಿಲ್ಲವೇನೋ ಎಂದುಕೊಂಡೆ, ನಿಂತ.

"ನನ್ನ ಅನ್ನಕ್ಕೆ ಕಲ್ಲು ಹಾಕಿದೆ," ಎಂದ. "ನಾನೇನು ನಿನ್ನ ಹತ್ರ ಬಂದು ನನ್ನನ್ನ ಉಳಿಸು ಅಂತ ಕೇಳಿದ್ನಾ?"

"ಇಲ್ಲ."

"ಮತ್ತೆ?"

ಅಷ್ಟು ಕೇಳಿ ಹೋದ.

ಸಂಜೆ ಅವನ ಹೆಂಡತಿ ಒಂದು ಬುಟ್ಟಿಯಲ್ಲಿ ಮೊಟ್ಟೆ ತಂದಿಟ್ಟಳು. ಯಾಕೆ ಎಂದು ಕೇಳಿದೆ. "ಸುಮ್ನೆ. ಕೋಳಿ ಜಾಸ್ತಿ ಇಡ್ತಾ ಇದೆ," ಎಂದಳು. ಅವರ ಮನೆಯಲ್ಲಿ ಕೋಳಿ ಇಲ್ಲ.

ಏಪ್ರಿಲ್ 30, ಮಂಗಳವಾರ

ತೀರ್ಮಾನ ಬಂತು. ಫಲಕಕ್ಕೆ ಅಂಟಿಸುವುದು ನನ್ನ ಕೆಲಸ, ಹಾಗಾಗಿ ಊರಿನಲ್ಲಿ ಮೊದಲು ಓದಿದವಳೂ ನಾನೇ. ಗಣಿಯ ಅರ್ಜಿ ತಿರಸ್ಕೃತ. ಸೋಲಾರ್ ಅರ್ಜಿ ಷರತ್ತಿನ ಮೇಲೆ ಮಂಜೂರು. ಬೇಲಿ ಗಟ್ಟಿ ಇರಬೇಕು. ಗಣಿಯಲ್ಲಿ ಕೆಲಸ ಮಾಡಿದವರಿಗೆ ಮೊದಲು ಕೆಲಸ ಕೊಡಬೇಕು. ಪೂರ್ವದ ಗೋಡೆಯ ಉದ್ದಕ್ಕೂ ಪ್ಯಾನೆಲ್ ಹಾಕಬಾರದು, ಅಲ್ಲಿ ನೀರು ತೆರೆದೇ ಇರಬೇಕು.

ಕಾರಣ ಗೋಡೆಯ ಸುರಕ್ಷತೆ ಎಂದಿದೆ. ಅದನ್ನೇ ನೋಡುತ್ತ ನಿಂತಿದ್ದೆನೇನೋ, ಉಪನಿಯಮ ಹಿಂದಿನಿಂದ ಬಂದು, "ಬೇರೆ ಕಾರಣ ಬರೆಯೋಕೆ ಉಪನಿಯಮ ಇಲ್ಲ," ಎಂದರು. ಅಂಟು ನನ್ನ ಬೆರಳಿಗೆಲ್ಲ ಮೆತ್ತಿತ್ತು. ಕರವಸ್ತ್ರ ಕೊಟ್ಟರು.

ಮೆಣಸಿನ ಅಂಗಡಿಯ ಮುಂದೆ ಹಾದು ಬಂದೆ. ಅವಳು ತಲೆ ಎತ್ತಲಿಲ್ಲ. ಯಂತ್ರ ಓಡುತ್ತಲೇ ಇತ್ತು.

ಮೇ 21, ಮಂಗಳವಾರ

ಬೆಳಿಗ್ಗೆ ಮೀಸೆ ಬಂದು ಬಾಗಿಲಲ್ಲಿ ನಿಂತ. ಸೋಲಾರ್‌ನವರಲ್ಲಿ ಸೇರಿದ್ದಾನೆ. ಪ್ಯಾನೆಲ್ ಕೂರಿಸುವ ಪ್ಲಾಸ್ಟಿಕ್ ಡಬ್ಬಗಳನ್ನು ದಡದಲ್ಲಿ ಒಂದಕ್ಕೊಂದು ಜೋಡಿಸಿ ನೀರಿಗೆ ತಳ್ಳುವ ಕೆಲಸ. "ಮೊದಲು ನೀರು ಹೊರಗೆ ಹಾಕೋ ಕೆಲಸ, ಈಗ ನೀರಿಗೆ ಚಾಪೆ ಹಾಸೋ ಕೆಲಸ. ಸಂಬಳ ಕಡಿಮೆ, ಮೀಸೆ ಅಷ್ಟೇ," ಎಂದ. ಅವನು ನಗಿಸಿ ಎಷ್ಟು ದಿನವಾಗಿತ್ತು.

ಕಾಲು ನೋಡಿದೆ, ಚಪ್ಪಲಿ. ದಡದಲ್ಲಿ ಪಾದ ಮುಳುಗುವಷ್ಟು ನೀರಿರುತ್ತದಂತೆ. ಬಾಗಿಲ ಹಿಂದಿನ ರಬ್ಬರ್ ಬೂಟು ಕೊಟ್ಟೆ. ತಮ್ಮನ ಪಾದ ಉದ್ದ ಇತ್ತು, ಇವನಿಗೆ ಸ್ವಲ್ಪ ದೊಡ್ಡದಾಗುತ್ತದೆ. ತುದಿಯಲ್ಲಿ ಪೇಪರು ಹಾಗೇ ಇರಲಿ ಎಂದೆ.

ಈ ವಾರ ಗಾಳಿ ಜಾಸ್ತಿ. ಬಾಗಿಲು ಬಡಿದುಕೊಂಡು ನಿದ್ದೆಯೇ ಬರುತ್ತಿರಲಿಲ್ಲ. ಈಗ ಪರವಾಗಿಲ್ಲ.

ಬೂಟು ಇದ್ದ ಜಾಗದಲ್ಲಿ ಕೊಡೆ ಇಟ್ಟೆ.

ಜೂನ್ 9, ಭಾನುವಾರ

ಬೆಳಕು ಹರಿಯುವ ಹೊತ್ತಿಗೆ ಬಾಗಿಲಿಗೆ ಯಾರೋ ಭುಜ ಕೊಟ್ಟ ಸದ್ದಾಯಿತು.

ಹಾಸಿಗೆಯಲ್ಲಿ ಎದ್ದು ಕುಳಿತೆ. ಇನ್ನೊಮ್ಮೆ ಭುಜ ಕೊಟ್ಟರು. ಬಾಗಿಲು ತೆರೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಟ್ಟಿದರು, ಮೆಲ್ಲಗೆ, ಅಪರಿಚಿತರ ಮನೆಯ ಬಾಗಿಲು ತಟ್ಟುವ ಹಾಗೆ.

ಮೆಣಸು ನಿಂತಿದ್ದಳು. ಕೈಯಲ್ಲಿ ಚೀಲ, ಚೀಲದಲ್ಲಿ ಬಿಳಿ ಶರ್ಟಿನ ತೋಳು ಕಾಣುತ್ತಿತ್ತು. ಎರಡು ತಿಂಗಳಿಂದ ಮಾತಿಲ್ಲ. ರಾತ್ರಿಯೆಲ್ಲ ಜಗಳಕ್ಕೆ ಮಾತು ಹೊಂದಿಸಿಕೊಂಡು ಬಂದಿದ್ದಳಂತೆ, ಆಮೇಲೆ ಹೇಳಿದಳು. ಈಗ ಬಾಗಿಲನ್ನು ನೋಡುತ್ತಿದ್ದಳು.

"ಚಿಲಕ ಹಾಕಿದೀಯ."

"ಹೂಂ."

"ತೆಗೆದೇ ಇರುತ್ತೆ ಅಂತ ನೂಕಿದೆ. ಅವನು ನೂಕ್ತಿದ್ದ ಹಾಗೆ." ಹೊಸ್ತಿಲಿನ ಆಚೆಯೇ ನಿಂತಿದ್ದಳು. "ಯಾವಾಗಿಂದ ಹಾಕ್ತಿದೀಯ?"

ಯೋಚಿಸಿದೆ. ನಿಜವಾಗಿಯೂ ನೆನಪಾಗಲಿಲ್ಲ.

"ಗೊತ್ತಿಲ್ಲ ಮೆಣಸು," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಏನು ಕಂಡಿತೋ, ತಂದ ಜಗಳ ಆಡಲಿಲ್ಲ. ಒಳಗೆ ಬಂದು ಅವನು ಕೂರುತ್ತಿದ್ದ ಕುರ್ಚಿಯಲ್ಲಿ ಕುಳಿತು ಅತ್ತಳು. ನಾನೂ ಪಕ್ಕದಲ್ಲಿ ಕುಳಿತೆ. ಆಮೇಲೆ ದೊಡ್ಡ ಪಾತ್ರೆ ಹುಡುಕಿದೆ. ಅಟ್ಟದ ಮೇಲೆ ಹೋಗಿತ್ತು, ತೊಳೆದು ಎರಡು ಲೋಟದ ನೀರಿಟ್ಟೆ.

ಚಹಾ ಕುಡಿದು ಗಣಿಯ ಕಡೆ ನಡೆದೆವು. ಬೇಲಿ ಎದ್ದಿದೆ. ನೀರಿನ ಮೇಲೆ ಕಪ್ಪು ಪ್ಯಾನೆಲ್ ಸಾಲುಗಳು ದಡದಿಂದ ದಡಕ್ಕೆ, ಪೂರ್ವದ ಗೋಡೆಯ ಹತ್ತಿರ ಬಂದು ನಿಂತುಬಿಟ್ಟಿವೆ. ಅಲ್ಲಿ ಉದ್ದಕ್ಕೆ ನೀರು ಬಯಲಾಗಿದೆ. ಒಂದು ಹಕ್ಕಿ ಮುಳುಗಿತು. ಮೆಣಸು ಬೇಲಿಯ ತಂತಿಯೊಳಗೆ ಬೆರಳು ತೂರಿಸಿ, "ಅಲ್ಲೇನಾ?" ಎಂದು ಕೇಳಿದಳು. "ಅಲ್ಲೇ," ಎಂದೆ. ಶರ್ಟನ್ನು ಚೀಲದಿಂದ ತೆಗೆಯಲೇ ಇಲ್ಲ. ಬಿಚ್ಚಿಬಿಡೋಣ ಅಂದುಕೊಂಡಿದ್ದೆ, ಹೊಲಿಗೆ ಚೆನ್ನಾಗಿ ಕೂತಿದೆ, ಮನಸ್ಸು ಬರಲಿಲ್ಲ ಎಂದಳು.

ತಿರುವಿನಲ್ಲಿ ಅವಳ ದಾರಿ ಬೇರೆಯಾಗುವಲ್ಲಿ ನಿಂತಳು.

"ನಾಳೆ ಅಂಗಡಿಗೆ ಹೋಗೋ ಮುಂಚೆ ಬರ್ತೀನಿ. ಚಹಾ ಇಟ್ಟಿರು."

"ಬಾಗಿಲು ತೆಗೆದಿಟ್ಟಿರ್ತೀನಿ," ಎಂದೆ.

"ಬೇಡ ಅಕ್ಕ. ಹಾಕ್ಕೊಂಡೇ ಮಲ್ಕೋ. ತಟ್ತೀನಿ."